ತಪ್ಪು ಹಿಡಿಯುವ ಕೇಳುಗರು

1934ರಲ್ಲಿ ಅಮೆರಿಕದ ಒಂದು ಹಾಡಿನ ಮೇಲೆ ಐದು ಲಕ್ಷ ಡಾಲರ್‌ಗಳ ದಾವೆ ಬಿತ್ತು. ಹಾಡಿನ ಹೆಸರು ‘ಹೋಮ್ ಆನ್ ದ ರೇಂಜ್’. ರೇಡಿಯೊ ಹಚ್ಚಿದರೆ ಸಾಕು, ಕಿವಿಗೆ ಬೀಳುತ್ತಿದ್ದ ಹಾಡು ಅದು. ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ದನ ಹೊಡೆಯುವ ಕೌಬಾಯ್‌ಗಳ ಬಾಯಲ್ಲೇ ಹುಟ್ಟಿ ಬೆಳೆದದ್ದು ಎಂಬುದು ಎಲ್ಲರ ನಂಬಿಕೆಯಾಗಿತ್ತು. ಅರಿಜೋನಾದ ದಂಪತಿ ಬಂದು ‘ಇದು ನಮ್ಮ ಹಾಡು, 1905ರಲ್ಲೇ ಇದರ ಹಕ್ಕು ನಮ್ಮ ಹೆಸರಿನಲ್ಲಿ ದಾಖಲಾಗಿದೆ’ ಎಂದು ಕೋರ್ಟಿಗೆ ಹೋದದ್ದೇ ತಡ, ರೇಡಿಯೊದವರು ಹಾಡನ್ನು ನಿಲ್ಲಿಸಿಬಿಟ್ಟರು. ಸಂಗೀತ ಪ್ರಕಾಶಕರು ಸ್ಯಾಮ್ಯುಯೆಲ್ ಮೋನ್‌ಫೆಲ್ಟ್ ಎಂಬ ವಕೀಲನನ್ನು ಮೂಲ ಹುಡುಕಲು ಕಳಿಸಿದರು. ಆತ ಊರೂರು ಅಲೆದು ಕೊನೆಗೆ ತಲುಪಿದ್ದು ಕ್ಯಾನ್ಸಸ್ ರಾಜ್ಯದ ಸ್ಮಿತ್ ಕೌಂಟಿಯನ್ನು. ಅಲ್ಲಿನ ಪತ್ರಿಕೆಗಳಲ್ಲಿ 1870ರ ದಶಕದಲ್ಲೇ ಈ ಹಾಡು ಪದ್ಯವಾಗಿ ಅಚ್ಚಾಗಿತ್ತು. ಬರೆದವನು ಬ್ರೂಸ್ಟರ್ ಹಿಗ್ಲಿ, ಹೊಸ ನೆಲದಲ್ಲಿ ಗುಡಿಸಲು ಕಟ್ಟಿಕೊಂಡು ನೆಲೆಸಿದ್ದ ಒಬ್ಬ ಡಾಕ್ಟರ್. ಧಾಟಿ ಕೂಡಿಸಿದವನು ಡ್ಯಾನಿಯಲ್ ಕೆಲ್ಲಿ, ಬಡಗಿ ಕೆಲಸದವನು, ಪಿಟೀಲು ಬಾರಿಸುತ್ತಿದ್ದವನು. ಇಬ್ಬರಲ್ಲಿ ಯಾರೂ ಕೌಬಾಯ್ ಅಲ್ಲ.

ದಾವೆ ಬಿದ್ದುಹೋಯಿತು. ಆದರೆ ದಾವೆ ಎತ್ತಿದ ಪ್ರಶ್ನೆ ಹಾಗೇ ಉಳಿಯಿತು. ಜಗತ್ತಿನ ಅತ್ಯಂತ ಪ್ರಸಿದ್ಧ ಕೌಬಾಯ್ ಹಾಡನ್ನು ಕೌಬಾಯ್ ಬರೆಯಲಿಲ್ಲವೆಂದಾದರೆ, ಅಸಲಿ ಕೌಬಾಯ್ ಹಾಡು ಯಾವುದು?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಶುದ್ಧತಾವಾದಿಗಳ ಪ್ರಕಾರ, ಹತ್ತೊಂಬತ್ತನೆಯ ಶತಮಾನದಲ್ಲಿ ದನದ ಹಿಂಡಿನೊಡನೆ ನಡೆದವರು ಹಾಡಿದ್ದಷ್ಟೇ ಅಸಲಿ, ಆಮೇಲಿನದೆಲ್ಲ ನಕಲು. ಭಂಜಕರ ಪ್ರಕಾರ ಅಸಲಿ ಎಂಬುದೇ ಇರಲಿಲ್ಲ. ಎಲ್ಲವೂ ಹಾಲಿವುಡ್ ಮತ್ತು ಗ್ರಾಮಫೋನ್ ಕಂಪನಿಗಳು ಕಟ್ಟಿದ ಕಥೆ. ಎರಡು ಉತ್ತರಗಳೂ ಹಾಡನ್ನು ಅದರ ಹುಟ್ಟಿನಿಂದ ಅಳೆಯುತ್ತವೆ, ಎರಡೂ ಅಲ್ಲೇ ಎಡವುತ್ತವೆ. ನನ್ನ ವಾದ ಬೇರೆ. ಒಂದು ಹಾಡಿನ ಪರಂಪರೆ ಜೀವಂತವಾಗಿದೆಯೇ ಎಂದು ತಿಳಿಯಬೇಕಾದರೆ ಹಾಡು ಎಲ್ಲಿಂದ ಬಂತು, ಹಾಡುಗಾರ ಎಲ್ಲಿ ಹುಟ್ಟಿದ ಎಂದು ಕೇಳಿ ಫಲವಿಲ್ಲ. ಹಾಡಿನಲ್ಲಿ ತಪ್ಪಿದ್ದರೆ ‘ಇಲ್ಲಿ ತಪ್ಪಿದೆ’ ಎನ್ನಬಲ್ಲ ಕೇಳುಗರು ಎದುರಿಗೆ ಕೂತಿದ್ದಾರೆಯೇ ಎಂದು ಕೇಳಬೇಕು. ಕೌಬಾಯ್ ಸಂಗೀತದ ಒಂದೂವರೆ ಶತಮಾನದ ಚರಿತ್ರೆ ಈ ಮಾತಿಗೆ ಒಳ್ಳೆಯ ಪುರಾವೆ. ಈ ಮಾತಿನ ಮಿತಿಗಳಿಗೂ ಅದೇ ಪುರಾವೆ.

ಮೊದಲು ಕೆಲಸದ ಮಾತು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಸ್‌ನಲ್ಲಿ ಉದ್ದ ಕೊಂಬಿನ ದನಗಳು ಲೆಕ್ಕವಿಲ್ಲದಷ್ಟಿದ್ದವು, ಕೊಳ್ಳುವವರಿರಲಿಲ್ಲ. ಅಲ್ಲಿ ನಾಲ್ಕು ಡಾಲರ್ ಬೆಲೆಯ ದನಕ್ಕೆ ಉತ್ತರದ ಮಾರುಕಟ್ಟೆಯಲ್ಲಿ ನಲವತ್ತು ಡಾಲರ್ ಇತ್ತು. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕ್ಯಾನ್ಸಸ್‌ನ ಅಬಿಲೀನ್ ಎಂಬ ರೈಲು ಊರಿನಲ್ಲಿ ದನದ ದೊಡ್ಡಿ ಕಟ್ಟಿಸಿದ. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಲಕ್ಷಾಂತರ ದನಗಳು ನಡೆದೇ ಉತ್ತರಕ್ಕೆ ಹೋದವು. ಎರಡು ಮೂರು ಸಾವಿರ ದನಗಳ ಒಂದು ಹಿಂಡಿಗೆ ಹತ್ತು ಹನ್ನೆರಡು ಆಳುಗಳು. ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್‌ನಂತೆ ಎರಡು ಮೂರು ತಿಂಗಳ ದಾರಿ. ತಿಂಗಳಿಗೆ ಮೂವತ್ತು ನಲವತ್ತು ಡಾಲರ್ ಸಂಬಳ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಬಯಲಿಗೆ ಬೇಲಿ ಬೀಳತೊಡಗಿತು. 1886–87ರ ಘೋರ ಚಳಿಗಾಲ ಉತ್ತರದ ಬಯಲಿನಲ್ಲಿ ಹಿಂಡು ಹಿಂಡೇ ದನಗಳನ್ನು ಕೊಂದಿತು. ನಡೆಸುವ ಕಾಲ ಅಲ್ಲಿಗೆ ಮುಗಿಯಿತು. ಆದರೆ ದನ ಸಾಕುವ ಕೆಲಸ ಮುಗಿಯಲಿಲ್ಲ. ವಸಂತದಲ್ಲಿ ಕರುಗಳಿಗೆ ಬರೆ ಹಾಕುವುದು, ಶರತ್ಕಾಲದಲ್ಲಿ ಬೆಟ್ಟದಿಂದ ದನ ಇಳಿಸುವುದು ಮೊಂಟಾನಾದಿಂದ ನೆವಾಡಾವರೆಗೆ ಇವತ್ತಿಗೂ ನಡೆಯುತ್ತದೆ, ಬಹಳ ಕಡೆ ಕುದುರೆಯ ಮೇಲೆಯೇ.

ಹಾಡು ಈ ಕೆಲಸದ ಒಂದು ಉಪಕರಣವಾಗಿತ್ತು. ರಾತ್ರಿ ಹಿಂಡು ಮಲಗಿದ ಮೇಲೆ ಇಬ್ಬರು ಸವಾರರು ಕಾವಲಿಗೆ ನಿಲ್ಲುತ್ತಿದ್ದರು. ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಹಿಂಡನ್ನು ಸುತ್ತುತ್ತ ಸುಮಾರು ಎರಡು ತಾಸು ಕಳೆಯಬೇಕು. ಕತ್ತಲಲ್ಲಿ ಒಂದು ಕಡ್ಡಿ ಮುರಿದ ಸದ್ದಿಗೂ ದನಗಳು ಬೆದರಿ ಕಿತ್ತೋಡಬಹುದು. ಹಾಗೆ ಓಡಿದ ಹಿಂಡಿನ ಮುಂದೆ ಸಿಕ್ಕ ಕುದುರೆಯೂ ಉಳಿಯದು, ಸವಾರನೂ ಉಳಿಯ. ಬರುತ್ತಿರುವುದು ತೋಳವಲ್ಲ, ತಮಗೆ ಗೊತ್ತಿರುವ ಮನುಷ್ಯ ಎಂದು ದನಗಳಿಗೆ ತಿಳಿಯಬೇಕು. ಅದಕ್ಕಾಗಿ ಹಾಡು. ‘ಟೆಡ್ಡಿ ಬ್ಲೂ’ ಎಂದೇ ಹೆಸರಾದ ಇ. ಸಿ. ಅಬಟ್ ತನ್ನ 1939ರ ನೆನಪಿನ ಪುಸ್ತಕದಲ್ಲಿ, ಕೌಬಾಯ್ ಹಾಡುಗಳು ಅಷ್ಟೊಂದು ಹುಟ್ಟಿದ್ದಕ್ಕೆ ಈ ರಾತ್ರಿ ಕಾವಲೇ ಒಂದು ಕಾರಣ ಎನ್ನುತ್ತಾನೆ. ಹಿಂಡಿನ ಈ ಬದಿಯವನು ಒಂದು ಚರಣ ಹಾಡಿದರೆ ಆ ಬದಿಯವನು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ. ಗಿಟಾರ್ ಹಿಡಿದು ಹಾಡುವ ಕೌಬಾಯ್ ಸಿನಿಮಾದವನು. ಕಾವಲಿನಲ್ಲಿ ಒಂದು ಕೈ ಲಗಾಮಿಗೆ ಮೀಸಲು, ಇನ್ನೊಂದು ಕೈ ಅವಘಡಕ್ಕೆ ಸಿದ್ಧವಿರಬೇಕು. ಹಾಗಾಗಿ ಹಾಡು ಬರಿಗಂಟಲಿನದು, ಕುದುರೆಯ ನಡಿಗೆಯಷ್ಟೇ ನಿಧಾನದ್ದು. ಮೊದಲ ಕೇಳುಗರು ದನಗಳೇ. ಹಾಡು ಕೆಟ್ಟರೆ ಅವು ಎದ್ದು ಓಡುತ್ತಿದ್ದವು. ಅದಕ್ಕಿಂತ ಕಟ್ಟುನಿಟ್ಟಿನ ವಿಮರ್ಶಕರು ಯಾವ ಸಂಗೀತಕ್ಕೂ ಸಿಕ್ಕಿರಲಾರರು.

ಹಾಡಿದ್ದು ಏನನ್ನು? ಸಿಕ್ಕಿದ್ದನ್ನು. ಇಗರ್ಜಿಯ ಕೀರ್ತನೆ, ಯುದ್ಧಕಾಲದ ಪ್ರೇಮಗೀತೆ, ಪೇಟೆಯ ನಾಟಕ ಮಂದಿರದ ಧಾಟಿ. ತನ್ನನ್ನು ಒಂಟಿ ಬಯಲಿನಲ್ಲಿ ಹೂಳಬೇಡಿರೆಂದು ಸಾಯುತ್ತಿರುವವನು ಬೇಡಿಕೊಳ್ಳುವ ಪ್ರಸಿದ್ಧ ಹಾಡು ಮೊದಲಿಗೆ ಕಡಲಿನದು. 1839ರಲ್ಲಿ ಎಡ್ವಿನ್ ಚಾಪಿನ್ ಬರೆದ ಪದ್ಯದಲ್ಲಿ ನಾವಿಕನೊಬ್ಬ ತನ್ನನ್ನು ಸಮುದ್ರಕ್ಕೆ ಹಾಕಬೇಡಿರೆಂದು ಕೇಳಿಕೊಳ್ಳುತ್ತಾನೆ. ಅಲೆಗಳ ಜಾಗದಲ್ಲಿ ಹುಲ್ಲು ಬಂತು, ಮೀನುಗಳ ಜಾಗದಲ್ಲಿ ತೋಳ ಬಂತು, ಹಾಡು ಟೆಕ್ಸಸ್ಸಿನದಾಯಿತು. ಲರೆಡೊ ಪಟ್ಟಣದ ಬೀದಿಯಲ್ಲಿ ಗುಂಡೇಟು ತಿಂದು ಬಿದ್ದ ತರುಣನ ಹಾಡಿನ ಹಿಂದೆ ಬ್ರಿಟನ್, ಐರ್ಲೆಂಡಿನ ಹಳೆಯ ಲಾವಣಿಯೊಂದಿದೆ. ಅದರಲ್ಲಿ ಸಾಯುವವನು ಸೈನಿಕ, ಕೊಂದದ್ದು ಗುಪ್ತರೋಗ. ಅದೇ ಲಾವಣಿಯ ಇನ್ನೊಂದು ಕವಲು ದಕ್ಷಿಣದ ಕಪ್ಪು ಜನರ ನಡುವೆ ಬ್ಲೂಸ್ ಆಯಿತು. ಶುದ್ಧ ಮೂಲವನ್ನು ಹುಡುಕಹೊರಟವರಿಗೆ ಇಲ್ಲಿ ಸಿಗುವುದು ಬರೀ ಸಾಲದ ಲೆಕ್ಕ.

ಸಂಗ್ರಾಹಕರ ಕಥೆ ಇನ್ನೂ ಸ್ವಾರಸ್ಯದ್ದು. ಜ್ಯಾಕ್ ಥಾರ್ಪ್ ಎಂಬಾತ ನ್ಯೂಯಾರ್ಕಿನ ಸ್ಥಿತಿವಂತ ಮನೆತನದವನು, ನ್ಯೂ ಮೆಕ್ಸಿಕೊಗೆ ಬಂದು ದನದ ಕೆಲಸ ಕಲಿತ. 1889ರಲ್ಲಿ ಕಪ್ಪು ಕೌಬಾಯ್‌ಗಳ ಬೀಡಿನಲ್ಲಿ ಹಾಡು ಕೇಳಿ ಹುಚ್ಚು ಹತ್ತಿ, ಕುದುರೆ ಏರಿ ಹಾಡು ಹುಡುಕುತ್ತ ತಿರುಗಿದ. 1908ರಲ್ಲಿ ಎಸ್ಟಾನ್ಸಿಯಾ ಎಂಬ ಸಣ್ಣ ಊರಿನ ಪತ್ರಿಕಾ ಮುದ್ರಣಾಲಯದಲ್ಲಿ ‘ಸಾಂಗ್ಸ್ ಆಫ್ ದ ಕೌಬಾಯ್ಸ್’ ಎಂಬ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಇಪ್ಪತ್ತಮೂರು ಹಾಡುಗಳಿದ್ದವು. ಒಂದು, ಜೋ ಎಂಬ ಹುಡುಗನದು. ಮಲತಾಯಿಯ ಕಾಟ ತಾಳದೆ ಮನೆ ಬಿಟ್ಟು ಬಂದ ಹುಡುಗನನ್ನು ದನದ ತಂಡದವರು ಕುದುರೆ ನೋಡಿಕೊಳ್ಳಲು ಇಟ್ಟುಕೊಳ್ಳುತ್ತಾರೆ. ಒಂದು ರಾತ್ರಿ ಮಳೆಗಾಳಿಗೆ ಹಿಂಡು ಬೆದರಿ ಓಡುತ್ತದೆ, ತಡೆಯಲು ಹೋದ ಹುಡುಗ ಬೆಳಗ್ಗೆ ತನ್ನ ಕುದುರೆಯ ಕೆಳಗೆ ನುಜ್ಜಾಗಿ ಸಿಗುತ್ತಾನೆ. ಈ ಹಾಡನ್ನು 1898ರಲ್ಲಿ ದನ ಹೊಡೆದುಕೊಂಡು ಟೆಕ್ಸಸ್ಸಿಗೆ ಹೋಗುವ ದಾರಿಯಲ್ಲಿ ಬರೆದವನು ಸ್ವತಃ ಥಾರ್ಪ್. ಧಾಟಿ ಆ ಕಾಲದ ಒಂದು ಜನಪ್ರಿಯ ಪೇಟೆ ಹಾಡಿನದು. ಆದರೆ ಪುಸ್ತಕದಲ್ಲಿ ಆತ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಜಾನ್ ಲೊಮ್ಯಾಕ್ಸ್ ತನ್ನ ದೊಡ್ಡ ಸಂಕಲನದಲ್ಲಿ ಅದನ್ನು ಜನಪದ ಗೀತೆ ಎಂದೇ ಸೇರಿಸಿಕೊಂಡ. ಥಾರ್ಪ್ 1921ರ ಆವೃತ್ತಿಯಲ್ಲಿ ‘ಇದು ನನ್ನದು’ ಎನ್ನುವ ಹೊತ್ತಿಗೆ ಹಾಡು ಅವನ ಕೈ ಮೀರಿ ಹೋಗಿತ್ತು.

ಲೊಮ್ಯಾಕ್ಸ್ ಟೆಕ್ಸಸ್ಸಿನವನು, ಹಾರ್ವರ್ಡಿನ ಪ್ರಾಧ್ಯಾಪಕರು ಬೆನ್ನು ತಟ್ಟಿದ್ದರಿಂದ ಈ ಕೆಲಸಕ್ಕೆ ಇಳಿದವನು. ಅವನ 1910ರ ಸಂಕಲನಕ್ಕೆ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೈಬರಹದಲ್ಲಿ ಮುನ್ನುಡಿ ಬರೆದುಕೊಟ್ಟ. ಬೇರೆ ಬೇರೆ ಪಾಠಗಳಿಂದ ಚೆಂದದ ಸಾಲು ಆಯ್ದು ಒಂದೇ ಹಾಡು ಮಾಡುವುದು, ಒರಟು ಮಾತು ತಿದ್ದುವುದು, ಥಾರ್ಪ್‌ನ ಪುಸ್ತಕದಿಂದ ಹೇಳದೆ ಎತ್ತಿಕೊಳ್ಳುವುದು, ಎಲ್ಲವನ್ನೂ ಮಾಡಿದ. ‘ಹೋಮ್ ಆನ್ ದ ರೇಂಜ್’ ಅವನಿಗೆ ಸಿಕ್ಕಿದ್ದು ಸ್ಯಾನ್ ಆಂಟೋನಿಯೊದಲ್ಲಿ ಸಾರಾಯಿ ಅಂಗಡಿ ನಡೆಸುತ್ತಿದ್ದ ಕಪ್ಪು ಮನುಷ್ಯನೊಬ್ಬನಿಂದ. ಹಿಂದೆ ದನದ ತಂಡಗಳಿಗೆ ಅಡುಗೆ ಮಾಡಿಹಾಕುತ್ತಿದ್ದವನು ಆತ. ಆತ ಹಾಡಿದ್ದನ್ನು ಲೊಮ್ಯಾಕ್ಸ್ ಮೇಣದ ಸಿಲಿಂಡರಿನಲ್ಲಿ ಮುದ್ರಿಸಿಕೊಂಡ. ಡಾಕ್ಟರ್ ಬರೆದು, ಬಡಗಿ ಧಾಟಿ ಹಾಕಿ, ಕಪ್ಪು ಅಡುಗೆಯವನು ಕಾಪಾಡಿ, ಪ್ರಾಧ್ಯಾಪಕ ಅಚ್ಚು ಹಾಕಿಸಿದ ಹಾಡು ಅದು. ಈ ನಾಲ್ವರಲ್ಲಿ ಯಾರನ್ನು ತೆಗೆದರೂ ಹಾಡು ಈ ರೂಪದಲ್ಲಿ ನಮ್ಮ ತನಕ ಬರುತ್ತಿರಲಿಲ್ಲ.

ಇಷ್ಟನ್ನು ನೋಡಿದ ಭಂಜಕರು ‘ನಾವು ಹೇಳಲಿಲ್ಲವೇ, ಎಲ್ಲವೂ ಕಟ್ಟಿದ್ದು’ ಎನ್ನಬಹುದು. ಅವರು ಗಮನಿಸದ ಒಂದು ಸಂಗತಿಯಿದೆ. ಮೊಂಟಾನಾದ ಡಿ. ಜೆ. ಓಮ್ಯಾಲಿ ಎಂಬ ಕೆಲಸಗಾರ ಕೌಬಾಯ್ 1893ರಲ್ಲಿ ದನ ಸಾಕುವವರ ಪತ್ರಿಕೆಯೊಂದಕ್ಕೆ ಒಂದು ಪದ್ಯ ಬರೆದ. ಮನಸ್ಸಿನಲ್ಲಿಟ್ಟುಕೊಂಡ ಧಾಟಿ ಆಗ ನಗರಗಳಲ್ಲಿ ಹುಚ್ಚೆಬ್ಬಿಸಿದ್ದ ‘ಆಫ್ಟರ್ ದ ಬಾಲ್’ ಎಂಬ ನೃತ್ಯಗೀತೆಯದು. ಈ ಸಲದ ಕೆಲಸ ಮುಗಿದರೆ ತಾಯಿಯನ್ನು ನೋಡಲು ಊರಿಗೆ ಹೋಗುತ್ತೇನೆ ಎನ್ನುತ್ತಿದ್ದವನು ಬೆದರಿದ ಹಿಂಡಿಗೆ ಸಿಕ್ಕಿ ಸಾಯುವ ಕಥೆ ಅದರಲ್ಲಿದೆ. 1925ರಲ್ಲಿ ಕಾರ್ಲ್ ಸ್ಪ್ರೇಗ್ ಎಂಬ ಗಾಯಕ ಇದನ್ನು ಬೇರೆ ಧಾಟಿಯಲ್ಲಿ ವಿಕ್ಟರ್ ಕಂಪನಿಗೆ ಹಾಡಿದ. ಲಕ್ಷಗಟ್ಟಲೆ ಮಾರಾಟವಾದ ಮೊದಲ ಕೌಬಾಯ್ ರೆಕಾರ್ಡ್ ಅದು. ಪದ್ಯ, ಪತ್ರಿಕೆ, ಪೇಟೆಯ ಧಾಟಿ, ರೆಕಾರ್ಡ್ ಕಂಪನಿ ಎಲ್ಲ ಇದರಲ್ಲಿವೆ. ಆದರೆ ಪತ್ರಿಕೆಯನ್ನು ಓದುತ್ತಿದ್ದವರು ದನ ಸಾಕುವವರು. ಹಿಂಡು ಹೇಗೆ ಬೆದರುತ್ತದೆ, ಮುಂದಿನ ದನವನ್ನು ತಿರುಗಿಸಲು ಸವಾರ ಯಾವ ಕಡೆಯಿಂದ ಹೋಗುತ್ತಾನೆ ಎಂಬುದನ್ನು ಓಮ್ಯಾಲಿ ತಪ್ಪು ಬರೆದಿದ್ದರೆ ಆ ಪದ್ಯವನ್ನು ಯಾರೂ ಬಾಯಿಪಾಠ ಮಾಡುತ್ತಿರಲಿಲ್ಲ. ಹಾಡಿನ ಸಾಮಗ್ರಿ ಎಲ್ಲಿಂದಲಾದರೂ ಬರಲಿ, ಅದನ್ನು ಒಪ್ಪುವ ಹಕ್ಕು ಕೆಲಸ ಬಲ್ಲವರ ಕೈಯಲ್ಲಿತ್ತು.

ಹಾಲಿವುಡ್ ಮುರಿದದ್ದು ಈ ಕೊಂಡಿಯನ್ನು. ಟೆಕ್ಸಸ್ಸಿನಲ್ಲಿ ಹುಟ್ಟಿ ರೈಲ್ವೆ ಟೆಲಿಗ್ರಾಫ್ ಕೆಲಸದಲ್ಲಿದ್ದ ಜೀನ್ ಆಟ್ರಿ 1935ರಿಂದ ಹಾಡುವ ಕೌಬಾಯ್ ಆಗಿ ತೆರೆ ತುಂಬಿದ. ಒಹಾಯೊ ರಾಜ್ಯದ ಲಿಯೊನಾರ್ಡ್ ಸ್ಲೈ, ರಾಯ್ ರಾಜರ್ಸ್ ಆದ. ಅರ್ಕನ್ಸಾದ ರೂಬಿ ಬ್ಲೆವಿನ್ಸ್, ಪ್ಯಾಟ್ಸಿ ಮೊಂಟಾನಾ ಎಂಬ ಹೆಸರಿನಲ್ಲಿ 1935ರಲ್ಲಿ ಹಾಡಿದ ಯೋಡ್ಲಿಂಗ್ ಹಾಡು ಭಾರೀ ಜನಪ್ರಿಯವಾಯಿತು. ಇವರ ನಡುವಿನ ನಿಜವಾದ ಕವಿ ಬಾಬ್ ನೊಲನ್, ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದವನು. ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ ಬರೆಯುವಾಗ ಲಾಸ್ ಏಂಜಲೀಸ್‌ನ ಗಾಲ್ಫ್ ಕ್ಲಬ್ಬೊಂದರಲ್ಲಿ ಆಟಗಾರರ ಚೀಲ ಹೊರುತ್ತಿದ್ದ. ಗಾಳಿಗೆ ಉರುಳುತ್ತ ಹೋಗುವ, ಟಂಬಲ್‌ವೀಡ್ ಎಂಬ ಆ ಒಣ ಮುಳ್ಳುಗಿಡ ಪಶ್ಚಿಮದ ಲಾಂಛನವೇ ಆಗಿದೆ. ಅದೂ ಅಲ್ಲಿನದಲ್ಲ, 1870ರ ದಶಕದಲ್ಲಿ ರಷ್ಯಾದಿಂದ ತಂದ ಅಗಸೆ ಬೀಜದೊಡನೆ ಬಂದು ಹಬ್ಬಿದ ಕಳೆ.

ಆ ಹಾಡುಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ನೊಲನ್ ಮತ್ತು ಅವನ ‘ಸನ್ಸ್ ಆಫ್ ದ ಪಯೊನಿಯರ್ಸ್’ ತಂಡ ಮೂರು ಕಂಠಗಳನ್ನು ಹೆಣೆದ ರೀತಿಗೆ ಇವತ್ತಿಗೂ ಸಾಟಿಯಿಲ್ಲ. ಆದರೆ ಆ ಹಾಡುಗಳಲ್ಲಿ ಇದ್ದದ್ದು ಬಯಲು, ಬಾಯಾರಿಕೆ, ಒಂಟಿತನ, ಸೂರ್ಯಾಸ್ತ. ದನ ಇರಲಿಲ್ಲ; ಇದ್ದರೂ ದೂರದಲ್ಲಿ ಹಿನ್ನೆಲೆಯಾಗಿ. ಬಯಲಿನ ಹಂಬಲವನ್ನು ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಮೆಚ್ಚಬಹುದು. ಅಲ್ಲಿ ತಪ್ಪಾಗುವ ಪ್ರಶ್ನೆಯೇ ಇಲ್ಲ, ತಪ್ಪು ಹಿಡಿಯುವವರ ಅಗತ್ಯವೂ ಇಲ್ಲ. ಅದೇ ಅದರ ಬಲ, ಅದೇ ಅದರ ದೌರ್ಬಲ್ಯ. ಮಾರುಕಟ್ಟೆ ಇರುವತನಕ ಅದು ಬೆಳೆಯಿತು. ಐವತ್ತರ ದಶಕದಲ್ಲಿ ಹಾಡುವ ಕೌಬಾಯ್ ಚಿತ್ರಗಳು ನಿಂತವು. ಬಿಲ್‌ಬೋರ್ಡ್ ಪತ್ರಿಕೆ 1949ರಲ್ಲಿ ತನ್ನ ಪಟ್ಟಿಗೆ ‘ಕಂಟ್ರಿ ಆ್ಯಂಡ್ ವೆಸ್ಟರ್ನ್’ ಎಂದು ಹೆಸರಿಟ್ಟಿತ್ತು. 1962ರಲ್ಲಿ ‘ವೆಸ್ಟರ್ನ್’ ಉದುರಿ ‘ಕಂಟ್ರಿ’ ಮಾತ್ರ ಉಳಿಯಿತು. 1959ರಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ ಗನ್‌ಫೈಟರ್ ಲಾವಣಿಗಳ ಆಲ್ಬಮ್ ದೊಡ್ಡ ಯಶಸ್ಸು ಕಂಡರೂ ಅದು ಆರುವ ದೀಪದ ಬೆಳಕಾಗಿತ್ತು. ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್ ನಗರ ಟೋಪಿ, ಬೂಟುಗಳನ್ನು ಉಳಿಸಿಕೊಂಡು ಹಾಡನ್ನು ಕೈಬಿಟ್ಟಿತು.

ಮಾರುಕಟ್ಟೆ ಬಿಟ್ಟ ಮೇಲೂ ಹಾಡು ಸಾಯಲಿಲ್ಲ. ಉಳಿದದ್ದು ಎಲ್ಲಿ ಎಂಬುದು ನನ್ನ ವಾದದ ತಿರುಳು. 1985ರ ಜನವರಿಯಲ್ಲಿ ನೆವಾಡಾದ ಎಲ್ಕೊ ಎಂಬ ಊರಿನಲ್ಲಿ ಹ್ಯಾಲ್ ಕ್ಯಾನನ್ ಮತ್ತಿತರ ಜಾನಪದ ವಿದ್ವಾಂಸರು ಕೌಬಾಯ್ ಕವಿಗಳ ಒಂದು ಕೂಟ ನಡೆಸಿದರು. ಜನವರಿ ಏಕೆಂದರೆ ಆಗ ದನ ಸಾಕುವ ಜಮೀನುಗಳಾದ ರಾಂಚುಗಳಲ್ಲಿ ಕೆಲಸ ಕಡಿಮೆ. ಕರು ಹಾಕುವ ಕಾಲ ಇನ್ನೂ ಬಂದಿರುವುದಿಲ್ಲ. ವೇದಿಕೆ ಹತ್ತಿದವರು, ಎದುರು ಕೂತವರು ಬಹುಪಾಲು ಒಂದೇ ಕಸುಬಿನವರು. ಮನೆಯ ಅಡುಗೆಕೋಣೆಯಲ್ಲಿ, ಬರೆ ಹಾಕುವ ಬೀಡಿನಲ್ಲಿ ಹೇಳಿಕೊಳ್ಳುತ್ತಿದ್ದ ಪದ್ಯ, ಹಾಡುಗಳು ಇಷ್ಟೊಂದು ಕಡೆ ಉಳಿದುಕೊಂಡಿವೆ ಎಂದು ಅವರಿಗೇ ಆಶ್ಚರ್ಯ. ಕೂಟ ಪ್ರತಿವರ್ಷ ನಡೆಯತೊಡಗಿತು. 2000ದಲ್ಲಿ ಅಮೆರಿಕದ ಸೆನೆಟ್ ಅದನ್ನು ರಾಷ್ಟ್ರೀಯ ಕೂಟವೆಂದು ಗುರುತಿಸಿತು.

ಅಂಥ ಸಭೆಯಲ್ಲಿ ತಪ್ಪು ಎಂದರೆ ಏನು? ಒಂದು ಉದಾಹರಣೆ ನೋಡಿ. ಟೆಕ್ಸಸ್ಸಿನವರು ಕುಣಿಕೆ ಹಗ್ಗದ ಇನ್ನೊಂದು ತುದಿಯನ್ನು ಜೀನಿನ ಮುಂದಿರುವ ಕೊಂಬಿಗೆ ಮೊದಲೇ ಬಿಗಿಯಾಗಿ ಕಟ್ಟಿರುತ್ತಾರೆ. ಹಗ್ಗ ಚಿಕ್ಕದು, ಗಟ್ಟಿಯಾದದ್ದು. ನೆವಾಡಾದವರು ಮೆಕ್ಸಿಕನ್ ದನಗಾಹಿಗಳಿಂದ ಕಲಿತವರು. ಹಸಿದೊಗಲನ್ನು ಹೆಣೆದು ಮಾಡಿದ, ಅದಕ್ಕಿಂತ ಬಹಳ ಉದ್ದದ ಹಗ್ಗ ಬಳಸುತ್ತಾರೆ. ಅದನ್ನು ಕಟ್ಟಿಬಿಟ್ಟರೆ ಹೋರಿ ಜಗ್ಗಿದೊಡನೆ ತುಂಡಾಗುತ್ತದೆ. ಹಾಗಾಗಿ ಕುಣಿಕೆ ಬಿದ್ದ ಮೇಲೆ ಹಗ್ಗವನ್ನು ಕೊಂಬಿಗೆ ಸುತ್ತಿ, ಬೇಕಾದಷ್ಟು ಜಾರಬಿಟ್ಟು ಹಿಡಿಯುತ್ತಾರೆ. ಆ ಸುತ್ತಿನ ಕ್ಷಣದಲ್ಲಿ ಹೆಬ್ಬೆರಳು ಹಗ್ಗಕ್ಕೂ ಕೊಂಬಿಗೂ ನಡುವೆ ಸಿಕ್ಕಿತೋ ಹೋಯಿತು. ಹೆಬ್ಬೆರಳಿಲ್ಲದ ಮುದುಕರು ಆ ಸೀಮೆಯಲ್ಲಿ ಅಪರೂಪವಲ್ಲ. ನೆವಾಡಾದ ಸವಾರ ಹಸಿದೊಗಲಿನ ಹಗ್ಗವನ್ನು ಕೊಂಬಿಗೆ ಕಟ್ಟಿ ಎಸೆದ ಎಂದು ಹಾಡಿನಲ್ಲಿ ಬಂದರೆ ಸಭೆ ನಗುತ್ತದೆ, ಅಲ್ಲಿಗೆ ಹಾಡು ಮುಗಿಯಿತು. ಕೆಲಸದ ನಿಖರತೆ ಇಲ್ಲಿ ಅಲಂಕಾರವಲ್ಲ, ಹಾಡುಗಾರ ಮತ್ತು ಕೇಳುಗರ ನಡುವಿನ ಒಪ್ಪಂದ. ಅರಿಜೋನಾದ ಗೇಲ್ ಗಾರ್ಡ್ನರ್, ಇಬ್ಬರು ಕೌಬಾಯ್‌ಗಳು ಸೈತಾನನನ್ನೇ ಕುಣಿಕೆ ಹಾಕಿ ಹಿಡಿದು, ದನಕ್ಕೆ ಮಾಡುವ ಹಾಗೆ ಬರೆ ಹಾಕಿ, ಕೊಂಬು ಕೊಯ್ದು, ಬಾಲಕ್ಕೆ ಗಂಟು ಹಾಕಿ ಬಿಡುವ ತಮಾಷೆಯ ಪದ್ಯವನ್ನು 1917ರಲ್ಲಿ ಬರೆದ. ಕಥೆ ಅಸಂಭವ, ಕೆಲಸದ ಕ್ರಮ ಮಾತ್ರ ಚಾಚೂ ತಪ್ಪದ್ದು. ಅದಕ್ಕೇ ಅದು ನೂರು ವರ್ಷ ಬಾಳಿತು.

ಈ ಪರೀಕ್ಷೆಯ ಉದಾರತೆಯನ್ನೂ ನೋಡಬೇಕು. ಹಳೆಯ ಹಾಡುಗಳ ಬಹುದೊಡ್ಡ ಗಾಯಕ ಎನಿಸಿಕೊಂಡ ಡಾನ್ ಎಡ್ವರ್ಡ್ಸ್ ಹುಟ್ಟಿದ್ದು ನ್ಯೂ ಜೆರ್ಸಿಯಲ್ಲಿ. ಟೆಕ್ಸಸ್ಸಿನಲ್ಲಿ ಅವನ ಮೊದಲ ಕೆಲಸ ಮನರಂಜನಾ ಪಾರ್ಕೊಂದರಲ್ಲಿ ಹಾಡುವುದು. ರೋಡಿಯೊ ಎಂಬ ಕೌಬಾಯ್ ಪಂದ್ಯಗಳಲ್ಲಿ ಸವಾರನಾಗಿ ನೂರಾರು ಹಾಡು ಕಲಿತು, 1985ರಲ್ಲಿ ರಾಷ್ಟ್ರೀಯ ಪಾರಂಪರಿಕ ಕಲಾವಿದರ ಗೌರವ ಪಡೆದ ಗ್ಲೆನ್ ಓರ್ಲಿನ್ ಮಿನಿಯಾಪೊಲಿಸ್ ನಗರದವನು. ಕೆನಡಾದ ಇಯನ್ ಟೈಸನ್ ರೋಡಿಯೊದಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಿಟಾರ್ ಕಲಿತ. ಅರವತ್ತರ ದಶಕದಲ್ಲಿ ಜನಪ್ರಿಯ ಗಾಯಕನಾಗಿ ಮೆರೆದು, ಅದನ್ನೆಲ್ಲ ಬಿಟ್ಟು ಆಲ್ಬರ್ಟಾದಲ್ಲಿ ರಾಂಚ್ ಮಾಡಿಕೊಂಡು, ಎಂಬತ್ತರ ದಶಕದಲ್ಲಿ ‘ಕೌಬಾಯೋಗ್ರಫಿ’ ಎಂಬ ಆಲ್ಬಮ್‌ನಿಂದ ಈ ಸಂಗೀತಕ್ಕೆ ಹೊಸ ಕಾಲವನ್ನೇ ತೆರೆದ. ಇವರನ್ನು ಯಾರೂ ‘ನಿನ್ನ ಊರು ಯಾವುದು’ ಎಂದು ಕೇಳಿ ಹೊರಗಿಡಲಿಲ್ಲ. ಹುಟ್ಟು ಕೇಳುವ ಪರಂಪರೆ ಬೇಗ ಜಾತಿಯಾಗುತ್ತದೆ. ಕೆಲಸದ ಅರಿವನ್ನು ಕೇಳುವ ಪರಂಪರೆ ಕಲಿಯಬಂದವರಿಗೆಲ್ಲ ಬಾಗಿಲು ತೆರೆದಿಡುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಬಾಗಿಲು ನಿಜಕ್ಕೂ ಎಲ್ಲರಿಗೂ ತೆರೆದಿತ್ತೇ? ದನ ನಡೆಸಿದ ಕಾಲದ ಕೌಬಾಯ್‌ಗಳಲ್ಲಿ ನಾಲ್ಕರಲ್ಲೊಬ್ಬ ಕಪ್ಪು ಮನುಷ್ಯ ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಅಂದಾಜು. ಕುದುರೆ, ಕುಣಿಕೆ, ಜೀನಿನ ವಿದ್ಯೆಯನ್ನೆಲ್ಲ ಕಲಿಸಿದವರು ಮೆಕ್ಸಿಕನ್ನರು. ಅವರ ಸ್ಪ್ಯಾನಿಷ್ ಲಾವಣಿ ‘ಕೊರ್ರಿದೊ ದೆ ಕಿಯಾನ್ಸಿಸ್’ ಕ್ಯಾನ್ಸಸ್ಸಿಗೆ ದನ ಹೊಡೆದ ಅದೇ ದಾರಿಯ ಹಾಡು. ಗಡಿ ಸೀಮೆಯಲ್ಲಿ ಪೂರ್ಣವಾಗಿ ಉಳಿದುಬಂದ ಕೊರ್ರಿದೊಗಳಲ್ಲಿ, ಅಂದರೆ ಇಂಥ ಲಾವಣಿಗಳಲ್ಲಿ, ಇದೇ ಅತ್ಯಂತ ಹಳೆಯದೆಂದು ಜಾನಪದ ವಿದ್ವಾಂಸ ಅಮೆರಿಕೊ ಪರೆದೆಸ್ ಗುರುತಿಸಿದ್ದಾನೆ. ಅಮೆರಿಕನ್ನರ ದೊಡ್ಡ ಗುಂಪಿಗೆ ಆಗದ ಕೆಲಸವನ್ನು ಬೆರಳೆಣಿಕೆಯ ಮೆಕ್ಸಿಕನ್ನರು ಮಾಡಿ ಮುಗಿಸಿದರೆಂಬ ಹೆಮ್ಮೆ ಅದರಲ್ಲಿದೆ. ಹವಾಯಿಗೆ 1830ರ ದಶಕದಲ್ಲೇ ಹೋದ ಮೆಕ್ಸಿಕನ್ ದನಗಾಹಿಗಳು ಗಿಟಾರನ್ನೂ ಒಯ್ದರು. ಅಲ್ಲಿ ಹವಾಯಿ ಭಾಷೆಯಲ್ಲೇ ದನಗಾಹಿಗಳ ಹಾಡುಗಳು ಹುಟ್ಟಿದವು. ಇವೆಲ್ಲ ‘ಕೌಬಾಯ್ ಸಂಗೀತ’ದ ಕಪಾಟಿನಲ್ಲಿ ಬಹುಕಾಲ ಕಾಣಿಸಲಿಲ್ಲ. 1937ರಲ್ಲಿ ಹರ್ಬ್ ಜೆಫ್ರೀಸ್ ಎಂಬ ನಟ, ಕಪ್ಪು ಪ್ರೇಕ್ಷಕರಿಗಾಗಿಯೇ ತೆಗೆದ ಚಿತ್ರದಲ್ಲಿ ಹಾಡುವ ಕೌಬಾಯ್ ಆದದ್ದು ವರ್ಣ ಪ್ರತ್ಯೇಕತೆಯ ಕಾಲದ ಗುರುತು.

ಈ ಆಕ್ಷೇಪ ಸರಿಯಾದದ್ದು. ಆದರೆ ಇದು ನನ್ನ ಮಾನದಂಡವನ್ನು ಕೆಡಿಸುವುದಿಲ್ಲ, ಅದನ್ನು ಪ್ರಾಮಾಣಿಕವಾಗಿ ಬಳಸದವರನ್ನು ಬಯಲಿಗೆಳೆಯುತ್ತದೆ. ಕೆಲಸದ ಅರಿವೇ ಅಳತೆಗೋಲಾದರೆ ಕಿಯಾನ್ಸಿಸ್ ಲಾವಣಿ ಮೊದಲ ಸಾಲಿನಲ್ಲಿ ಕೂರಬೇಕು. ಅದನ್ನು ಹೊರಗಿಟ್ಟದ್ದು ಭಾಷೆ ಮತ್ತು ಬಣ್ಣ. ಅಂದರೆ ಹುಟ್ಟಿನ ಪರೀಕ್ಷೆ ಹಿಂಬಾಗಿಲಿನಿಂದ ನುಸುಳಿದ್ದು. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಗಾಯಕನ ‘ಓಲ್ಡ್ ಟೌನ್ ರೋಡ್’ ಹಾಡನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಆ ಹಾಡು ಮುಖ್ಯ ಪಟ್ಟಿಯಲ್ಲಿ ಹತ್ತೊಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ದನದ ಕೆಲಸವೇನೂ ಇಲ್ಲ, ನಿಜ. ಆದರೆ ಕಂಟ್ರಿ ಪಟ್ಟಿಯಲ್ಲಿ ಟೋಪಿ ಹಾಕಿಕೊಂಡು ಪಿಕಪ್ ಟ್ರಕ್ಕಿನ ಬಗ್ಗೆ ಹಾಡುವ ಬಿಳಿಯ ಗಾಯಕರಲ್ಲಿ ಎಷ್ಟು ಮಂದಿಗೆ ಕರು ಕೆಡವಲು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಕಪ್ಪು ಗಾಯಕಿ ಬಿಯಾನ್ಸೆಯ 2024ರ ‘ಕೌಬಾಯ್ ಕಾರ್ಟರ್’ ಆಲ್ಬಮ್ ಮರುವರ್ಷ ಗ್ರ್ಯಾಮಿಯ ಅತ್ಯುನ್ನತ ಪ್ರಶಸ್ತಿ ಪಡೆದಾಗಲೂ ಚರ್ಚೆ ನಡೆದದ್ದು ಆಕೆ ಯಾರು ಎಂಬುದರ ಸುತ್ತಲೇ. ಇದಕ್ಕಿಂತ ಗಾಯಕ ಡಾಮ್ ಫ್ಲೆಮನ್ಸ್ 2018ರಲ್ಲಿ ಸ್ಮಿತ್ಸೋನಿಯನ್ ಫೋಕ್‌ವೇಸ್ ಎಂಬ ರೆಕಾರ್ಡ್ ಸಂಸ್ಥೆಯ ಮೂಲಕ ತಂದ ‘ಬ್ಲ್ಯಾಕ್ ಕೌಬಾಯ್ಸ್’ ಆಲ್ಬಮ್ ನನಗೆ ಹೆಚ್ಚು ಮುಖ್ಯ. ಆತ ಹೋರಾಟದ ಘೋಷಣೆ ಕೂಗುವುದಿಲ್ಲ. ಹಳೆಯ ಹಾಡುಗಳನ್ನು ಹುಡುಕಿ, ಅವನ್ನು ಕೆಲಸ ಮಾಡಿದವರ ಬದುಕಿನ ಪಕ್ಕದಲ್ಲಿಟ್ಟು ಹಾಡುತ್ತಾನೆ. ‘ಹೋಮ್ ಆನ್ ದ ರೇಂಜ್’ ಕೂಡ ಅಲ್ಲಿದೆ. ಸ್ಯಾನ್ ಆಂಟೋನಿಯೊದ ಅಡುಗೆಯವನ ಪಾಲು ಹೀಗೆ ಸಂದಾಯವಾಗುತ್ತಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಕಷ್ಟದ್ದು. ತಪ್ಪು ಹಿಡಿಯಬಲ್ಲ ಕೇಳುಗರೇ ಕಡಿಮೆಯಾಗುತ್ತಿದ್ದರೆ? ಈಗ ಇಂಥ ಕೂಟಗಳಿಗೆ ಬರುವವರಲ್ಲಿ ನಿವೃತ್ತರು, ಪ್ರವಾಸಿಗಳು, ಬೂಟಿಗೆ ಎಂದೂ ಸಗಣಿ ಮೆತ್ತದವರು ಬಹಳ. ಅವರ ಚಪ್ಪಾಳೆ ಪ್ರಾಮಾಣಿಕವಾದದ್ದೇ, ಆದರೆ ಅದಕ್ಕೆ ಹಗ್ಗ ಕಟ್ಟಿದ್ದೋ ಸುತ್ತಿದ್ದೋ ಎಂಬ ಭೇದ ಗೊತ್ತಿಲ್ಲ. ನಾಸ್ಟಾಲ್ಜಿಯಾ ಒಂದೇ ಕೇಳುಗರನ್ನು ಕೂಡಿಸುವ ಅಂಟಾದಾಗ ಹಾಡುಗಾರನಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಸಿಗುತ್ತದೆ, ಹೊಸದನ್ನು ಹೇಳುವ ಒತ್ತಾಯ ಹೋಗುತ್ತದೆ. 1977ರಿಂದ ಹಾಡುತ್ತಿರುವ ‘ರೈಡರ್ಸ್ ಇನ್ ದ ಸ್ಕೈ’ ತಂಡ ನನ್ನ ವಾದಕ್ಕೆ ಒಂದು ಒಳ್ಳೆಯ ಅಪವಾದ. ಅವರು ಸಿನಿಮಾ ಕಾಲದ ಹಾಡುಗಳನ್ನೇ ಹಾಸ್ಯ ಬೆರೆಸಿ ಹಾಡುತ್ತ, ಕಂಠ ಹೆಣಿಗೆಯ ಕುಶಲತೆಯೊಂದರ ಬಲದಿಂದ ಬಾಳಿದ್ದಾರೆ. ಅಲ್ಲಿಯೂ ಶ್ರುತಿ ತಪ್ಪಿದರೆ ಹಿಡಿಯುವ ಕಿವಿಗಳಿವೆ ಎನ್ನಬಹುದು. ಆದರೆ ಅದು ಸಂಗೀತದ ಅರಿವು, ಬದುಕಿನ ಅರಿವಲ್ಲ. ಅಂಥ ತಂಡಗಳಷ್ಟೇ ಉಳಿದರೆ ಈ ಸಂಗೀತ ಒಂದು ಚೆಂದದ ಶೈಲಿಯಾಗಿ ಉಳಿಯುತ್ತದೆ. ಅದು ಕಡಿಮೆಯ ಮಾತಲ್ಲ, ಆದರೆ ಅದು ಬೇರೆಯೇ ಮಾತು.

ಹಾಗಾಗಿ ಈ ಸಂಗೀತದ ಭವಿಷ್ಯವನ್ನು ಗಾಯಕರ ಸಂಖ್ಯೆಯಲ್ಲಿ ನೋಡುವುದು ತಪ್ಪು. ಗಾಯಕರಿಗೆ ಬರವಿಲ್ಲ. ಕೆನಡಾದ ಸಸ್ಕಾಚೆವನ್‌ನ ಕೋಲ್ಟರ್ ವಾಲ್ ಎಂಬ ತರುಣ ಒಂದು ಕಡೆ ದನ ಸಾಕುತ್ತ, ಇನ್ನೊಂದು ಕಡೆ ಹಳೆಯ ಧಾಟಿಯಲ್ಲಿ ಹೊಸ ಹಾಡು ಕಟ್ಟುತ್ತಿದ್ದಾನೆ. ನಗರದ ಹುಡುಗರು ಅವನನ್ನು ಮುಗಿಬಿದ್ದು ಕೇಳುತ್ತಾರೆ. ನೋಡಬೇಕಾದದ್ದು ನೆಲವನ್ನು. ರಾಂಚಿನ ಜಮೀನು ಬಡಾವಣೆಗೆ, ಶ್ರೀಮಂತರ ರಜೆಯ ಮನೆಗೆ, ಗಣಿಗೆ ಹೋದಷ್ಟೂ ಕೆಲಸ ಬಲ್ಲವರು ಚದುರುತ್ತಾರೆ, ಅವರೊಡನೆ ಹಾಡಿನ ವಿಮರ್ಶಕರೂ ಚದುರುತ್ತಾರೆ. ಹಾಡು ಕಾಪಾಡಬೇಕೆನ್ನುವ ಸಂಸ್ಥೆಗಳು ಧ್ವನಿಮುದ್ರಣ, ವಸ್ತುಸಂಗ್ರಹಾಲಯ, ಪ್ರಶಸ್ತಿಗಳಿಗೆ ಹಣ ಹಾಕುವುದು ಸರಿ. ಅದಕ್ಕಿಂತ ಮುಖ್ಯವಾಗಿ, ಕೆಲಸದವರು ಬರಲು ಆಗುವ ಕಾಲದಲ್ಲಿ, ಅವರ ಜೇಬಿಗೆ ಎಟಕುವ ದರದಲ್ಲಿ, ಸ್ಪ್ಯಾನಿಷ್ ಆಡುವವರನ್ನೂ ಕಪ್ಪು ರಾಂಚಿನವರನ್ನೂ ಕರೆದು ಕೂರಿಸಿಕೊಂಡು ಕೂಟ ನಡೆಸಬೇಕು. ಎಲ್ಕೊದವರು ಜನವರಿಯನ್ನು ಆರಿಸಿಕೊಂಡದ್ದರಲ್ಲಿ ಇದ್ದ ವಿವೇಕ ಇದೇ.

ಇಂಥ ಕೇಳುಗರು ಇರುವಲ್ಲಿ ಹಾಡು ಏನು ಮಾಡಬಲ್ಲದು ಎಂಬುದಕ್ಕೆ ಇತ್ತೀಚಿನ ನಿದರ್ಶನ ಆಲ್ಬರ್ಟಾದ್ದು. ಅಲ್ಲಿನ ಸರ್ಕಾರ ರಾಕಿ ಬೆಟ್ಟಗಳ ಪೂರ್ವದ ಇಳಿಜಾರನ್ನು ಕಲ್ಲಿದ್ದಲು ಗಣಿಗಾರಿಕೆಗೆ ತೆರೆಯಹೊರಟಾಗ ರಾಂಚಿನವರು ಎದುರು ನಿಂತರು. ದನಕ್ಕೆ ಕುಡಿಯುವ ನೀರು ಹರಿದುಬರುವುದು ಆ ಇಳಿಜಾರಿನಿಂದ. ರಾಂಚಿನ ಮನೆತನದಲ್ಲೇ ಹುಟ್ಟಿದ ಗಾಯಕ ಕಾರ್ಬ್ ಲುಂಡ್, ಹುಲ್ಲುಗಾವಲು ಬಿಟ್ಟುಕೊಡೆನೆಂಬ ತನ್ನ ಹಳೆಯ ಹಾಡೊಂದನ್ನು ಅಲ್ಲಿನ ಇತರ ಗಾಯಕರನ್ನು ಕೂಡಿಸಿಕೊಂಡು ಮತ್ತೆ ಹಾಡಿ, ಚಳವಳಿಯ ಮುಂದೆ ನಿಂತ. ಆ ಹಾಡಿಗೆ ಬೆಲೆ ಬಂದದ್ದು ಅದು ಹಳೆಯದೆಂದಲ್ಲ, ಶುದ್ಧವೆಂದಲ್ಲ. ನೀರು ಎಲ್ಲಿಂದ ಬರುತ್ತದೆ, ಅದು ಕೆಟ್ಟರೆ ಯಾವ ದನ ಸಾಯುತ್ತದೆ ಎಂದು ತಿಳಿದವರು ಅದನ್ನು ಕೇಳಿ ‘ಸರಿಯಾಗಿ ಹೇಳಿದ’ ಎಂದರು. ಆ ಮಾತು ಹೇಳಬಲ್ಲವರು ಇರುವವರೆಗೆ ಈ ಸಂಗೀತವನ್ನು ಯಾರೂ ಸಂರಕ್ಷಿಸಬೇಕಾದ ಅಗತ್ಯ ಬೀಳುವುದಿಲ್ಲ. ಅವರು ಇಲ್ಲವಾದ ಮೇಲೆ ಎಷ್ಟು ಸಂರಕ್ಷಿಸಿದರೂ ಅದು ಪರಂಪರೆ ಎನಿಸಿಕೊಳ್ಳುವುದಿಲ್ಲ.